ಹಾಡು ಬರೆಯುವ ಮೊದಲು ಜಾಗ ಬರೆಯಿರಿ

ಓದುಗರ ಪ್ರಶ್ನೆ, ಕ್ಯಾಸೆಟ್ ಅಂಗಡಿಯವನ ಉತ್ತರ

ಹೋದ ತಿಂಗಳು ಈ ಪುಟದಲ್ಲಿ ಸುಮ್ನೆ ಒಂದು ಮಾತು ಎತ್ತಿದ್ದೆ. ನಿಮ್ಮ ಬದುಕನ್ನು ಯಾರಾದರೂ ಸಿನಿಮಾ ಮಾಡಿದರೆ ಅದರಲ್ಲಿ ಯಾವ ಯಾವ ಹಾಡು ಇರಬೇಕು, ಕೂತು ಪಟ್ಟಿ ಮಾಡಿ ನೋಡಿ ಅಂತ. ಕಳಿಸಿ ಅಂದಿರಲಿಲ್ಲ. ಆದರೂ ಕಳಿಸಿದ್ದೀರಿ. ಪಟ್ಟಿಗಿಂತ ತಕರಾರೇ ಜಾಸ್ತಿ ಬಂದಿವೆ. ಒಳ್ಳೆಯದೇ ಆಯಿತು, ಪಟ್ಟಿಗೆ ಉತ್ತರ ಬರೆಯಲು ಬರುವುದಿಲ್ಲ, ತಕರಾರಿಗೆ ಬರುತ್ತದೆ.

ಹೊಸ ಓದುಗರಿಗೆ ನನ್ನ ಪರಿಚಯ ಹೇಳಿಬಿಡುತ್ತೇನೆ. 1986ರಿಂದ 2004ರವರೆಗೆ ಭದ್ರಾವತಿಯ ರಂಗಪ್ಪ ವೃತ್ತದ ಹತ್ತಿರ ನನ್ನದೊಂದು ಕ್ಯಾಸೆಟ್ ಅಂಗಡಿ ಇತ್ತು. ಹತ್ತಡಿ ಉದ್ದ, ಎಂಟಡಿ ಅಗಲ. ಹೊಸ ಕ್ಯಾಸೆಟ್ ಮಾರುತ್ತಿದ್ದದ್ದು ಹೆಸರಿಗೆ. ಹೊಟ್ಟೆಗೆ ಸಿಗುತ್ತಿದ್ದದ್ದು ರೆಕಾರ್ಡಿಂಗಿನಿಂದ. ಜನ ಒಂದು ಖಾಲಿ ಕ್ಯಾಸೆಟ್ಟು, ಒಂದು ಚೀಟಿ ತರುತ್ತಿದ್ದರು. ಚೀಟಿಯಲ್ಲಿ ಹಾಡಿನ ಪಟ್ಟಿ. ಮೂರು ದಿನ ಬಿಟ್ಟು ಬನ್ನಿ ಅನ್ನುತ್ತಿದ್ದೆ. ಹದಿನೆಂಟು ವರ್ಷ ಊರಿನವರ ಚೀಟಿ ಓದಿದವನಿಗೆ ಪಟ್ಟಿ ಮಾಡುವವರ ಕಷ್ಟ ಗೊತ್ತಿರುತ್ತದೆ, ಅಲ್ವಾ?

*

ಪ್ರಶ್ನೆ: ಪಟ್ಟಿಯನ್ನು ಐದು ಸಲ ಬರೆದೆ. ಭಾವಗೀತೆ, ದಾಸರ ಪದ, ಒಂದೆರಡು ಹಳೆಯ ರಾಜ್‌ಕುಮಾರ್ ಹಾಡು. ಮಗಳು ಓದಿ, "ಅಮ್ಮಾ, ಇದು ನಿನ್ನ ಜೀವನ ಅಲ್ಲ, ರಾಜ್ಯೋತ್ಸವದ ಕಾರ್ಯಕ್ರಮ" ಅಂದಳು. ಬೇಜಾರಾಯಿತು. ಆಮೇಲೆ ಅವಳು ಹೇಳಿದ್ದೇ ಸರಿಯಿರಬಹುದೇನೋ ಅಂತಲೂ ಅನ್ನಿಸಿತು. ಹಾಡನ್ನು ಆರಿಸುವುದು ಹೇಗೆ ಸಾರ್?
ಶಾಲಾ ಶಿಕ್ಷಕಿ, ಹೊಸನಗರ

ಉತ್ತರ: ಟೀಚರೇ, ಮುಂದಿನ ಹಬ್ಬಕ್ಕೆ ಮಗಳ ಎಲೆಗೆ ಒಂದು ಹೋಳಿಗೆ ಜಾಸ್ತಿ ಬಡಿಸಿ. ಸರಿಯಾಗಿ ಹೇಳಿದ್ದಾಳೆ.

ನನ್ನ ಅಂಗಡಿಗೆ ಒಬ್ಬರು ಕಾಲೇಜು ಮೇಷ್ಟ್ರು ಬರುತ್ತಿದ್ದರು. ಅವರ ಚೀಟಿ ಫೌಂಟನ್ ಪೆನ್ನಿನಲ್ಲಿ ಬರೆದಿರುತ್ತಿತ್ತು. ಹಾಡಿನ ಮುಂದೆ ಕವಿಯ ಹೆಸರು, ರಾಗ ಹಾಕಿದವರ ಹೆಸರು, ಹಾಡಿದವರ ಹೆಸರು. ಒಂದು ಕಾಟು ಗೀಟು ಇಲ್ಲ. ಎಲ್ಲಾ ಭಾವಗೀತೆ. 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂದ ಮೇಲೆ ನಮ್ಮ ಕಡೆ ಓದಿದವರ ಮನೆಯಲ್ಲಿ ಭಾವಗೀತೆ ಅಂದರೆ ಒಂದು ಮರ್ಯಾದೆ. ಚೀಟಿ ಕೊಟ್ಟು, ದುಡ್ಡು ಕೊಟ್ಟು, ಮೆಟ್ಟಿಲು ಇಳಿದು, ಮೇಷ್ಟ್ರು ಮತ್ತೆ ಹತ್ತಿ ಬರುತ್ತಿದ್ದರು. ದನಿ ತಗ್ಗಿಸಿ ಹೇಳುತ್ತಿದ್ದರು: "ಕೊನೇಲಿ ಜಾಗ ಉಳಿದರೆ ಆ 'ಪ್ರೇಮಲೋಕ'ದ್ದು ಒಂದು ಹಾಕಿಬಿಡಪ್ಪ. ಮನೇಲಿ ಹುಡುಗರು ಕೇಳ್ತವೆ."

ಅವರಿಗೆ ಮಕ್ಕಳಿರಲಿಲ್ಲ.

ಅದು 1987, 88ರ ಮಾತು. ಹಂಸಲೇಖ ಅವರ ಆ ಹಾಡುಗಳು ಊರಿನ ಪ್ರತಿ ಹೋಟೆಲಿನಲ್ಲೂ ಒದರುತ್ತಿದ್ದ ಕಾಲ. ನಾನು ಏನೂ ಗೊತ್ತಿಲ್ಲದವನ ಹಾಗೆ ಬಿ ಸೈಡಿನ ಕೊನೆಯಲ್ಲಿ ಐದು ನಿಮಿಷ ಮೊದಲೇ ಎತ್ತಿಟ್ಟುಕೊಳ್ಳುತ್ತಿದ್ದೆ. ಚೀಟಿಯಲ್ಲಿದ್ದ ಹನ್ನೊಂದು ಹಾಡು ಮೇಷ್ಟ್ರ ಕಪಾಟಿಗೆ. ಬರೆಯದೆ ಬಾಯಲ್ಲಿ ಹೇಳಿದ ಒಂದು ಹಾಡು ಮಾತ್ರ ಅವರಿಗೆ. ಹೀಗೆ ಮೆಟ್ಟಿಲು ಹತ್ತಿ ವಾಪಸ್ ಬಂದವರನ್ನು ನಾನು ತುಂಬಾ ಜನ ನೋಡಿದ್ದೇನೆ. ಟೀಚರೇ, ನಿಮ್ಮದೂ ಒಂದು ಇದ್ದೇ ಇರುತ್ತದೆ.

ಅದನ್ನು ಹಿಡಿಯಲು ನನಗೆ ಗೊತ್ತಿರುವ ಉಪಾಯ ಒಂದೇ. ಹಾಡು ಬರೆಯಬೇಡಿ. ಮೊದಲು ಜಾಗ ಬರೆಯಿರಿ. ಹಾಸ್ಟೆಲಿನ ಬಟ್ಟೆ ಒಗೆಯುವ ಕಲ್ಲು. ಮೊದಲ ನೌಕರಿಗೆ ಹೋಗುತ್ತಿದ್ದ ಬಸ್ಸಿನ ಡ್ರೈವರ್ ಹಿಂದಿನ ಸೀಟು. ಬಾಣಂತನ ಮಾಡಿಸಿಕೊಂಡ ಕೋಣೆಯ ಕಿಟಕಿ. ಜಾಗದ ಪಕ್ಕದಲ್ಲಿ, ಅಲ್ಲಿ ಯಾರ ರೇಡಿಯೋ ಹಾಡುತ್ತಿತ್ತು ಅಂತ ಬರೆಯಿರಿ. ನಮ್ಮದಲ್ಲ, ಬೇರೆಯವರದು. ನಮ್ಮ ಬದುಕಿನ ಅರ್ಧ ಹಾಡು ಪಕ್ಕದ ಮನೆಯವರು ಆರಿಸಿದ್ದು. ಉಳಿದದ್ದರಲ್ಲಿ ಅರ್ಧ ಬಸ್ ಡ್ರೈವರ್ ಆರಿಸಿದ್ದು.

ನನ್ನದೇ ಹೇಳುತ್ತೇನೆ. ನಮ್ಮ ಮನೆಯಲ್ಲಿ ರೇಡಿಯೋ ಇರಲಿಲ್ಲ. ಕಾರ್ಖಾನೆಯ ಕ್ವಾರ್ಟರ್ಸು, ಗೋಡೆಯಾಚೆ ಇನ್ನೊಂದು ಸಂಸಾರ, ರೇಡಿಯೋ ಅವರದು. ಭದ್ರಾವತಿಗೆ ಆಕಾಶವಾಣಿ ಬಂದದ್ದು 1965ರಲ್ಲಿ. ಬೆಳಗ್ಗೆ ಕಾರ್ಯಕ್ರಮ ಶುರುವಾಗುವ ಮೊದಲು ಆ ರಾಗ ಬರುತ್ತದಲ್ಲ, ಹಿಂದೆ ತಂಬೂರಿ, ಮುಂದೆ ಪಿಟೀಲು, ಅದು ಗೋಡೆ ದಾಟಿ ನನ್ನ ಹಾಸಿಗೆಗೆ ಬರುತ್ತಿತ್ತು. ಅದನ್ನು ಕಟ್ಟಿದವರು ವಾಲ್ಟರ್ ಕೌಫ್‌ಮನ್ ಎಂಬ ಯಹೂದಿ ಸಂಗೀತಗಾರ, ನಾಜಿಗಳ ಕಾಲದಲ್ಲಿ ಯುರೋಪು ಬಿಟ್ಟು ಮುಂಬಯಿಗೆ ಬಂದವರು ಅಂತ ಬಹಳ ವರ್ಷಗಳ ಮೇಲೆ ಓದಿದೆ. ಊರು ಬಿಟ್ಟು ಬಂದವನೊಬ್ಬ ಕಟ್ಟಿದ ರಾಗಕ್ಕೆ ನಾವೆಲ್ಲ ಹಲ್ಲುಜ್ಜಿದ್ದೇವೆ. ನನ್ನ ಸಿನಿಮಾದಲ್ಲಿ ಹೆಸರು ತೋರಿಸುವಾಗ ಅದೇ ಬರಬೇಕು. ಅದರಲ್ಲಿ ಮಾತಿಲ್ಲ, ನನಗೆ ಇಷ್ಟ ಅಂತಲೂ ಅಲ್ಲ. ಅದು ಅಲ್ಲಿತ್ತು, ಅಷ್ಟೇ.

ಎರಡನೆಯದು 1976. ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಿಕೊಂಡು ಬಂದು ಹಳೇ ಸೇತುವೆ ಹತ್ತಿರದ ಚಹಾದಂಗಡಿಯಲ್ಲಿ ಕೂತಿದ್ದೆ. ಗಣಿತದಲ್ಲಿ 28. ಪಾಸಾಗಲು 35 ಬೇಕಿತ್ತು. ಮನೆಗೆ ಹೋಗಲು ಕಾಲು ಬರುತ್ತಿಲ್ಲ. ಅಂಗಡಿಯ ರೇಡಿಯೋದಲ್ಲಿ 'ಎರಡು ಕನಸು' ಚಿತ್ರದ 'ಪೂಜಿಸಲೆಂದೇ ಹೂಗಳ ತಂದೆ' ಬಂತು, ಎಸ್. ಜಾನಕಿ ಹಾಡಿದ್ದು, ರಾಜನ್-ನಾಗೇಂದ್ರ ಅವರ ಸಂಗೀತ. ಕೇಳಿದವರು ಕಣ್ಣು ಮುಚ್ಚಿ ಕೈ ಮುಗಿಯುವಂಥ ಹಾಡು. ನನಗೆ ಮಾತ್ರ ಇವತ್ತಿಗೂ ಅದು ಗಣಿತದ 28. ಯಾರ ಮನೆಯ ಪೂಜೆಯಲ್ಲಿ ಕೇಳಿದರೂ ಹೊಟ್ಟೆಯಲ್ಲಿ ತಣ್ಣಗಾಗುತ್ತದೆ.

ಈ ತರಹದ್ದನ್ನು ಹುಡುಕಿ. ನಿಮಗೆ ಹೊಂದುವ ಹಾಡು ಬೇಡ, ಅಂಟಿಕೊಂಡ ಹಾಡು ಬೇಕು. ಮಗಳಿಗೆ ತೋರಿಸುವುದು ಬಿಡುವುದು ಆಮೇಲಿನ ಮಾತು.

*

ಪ್ರಶ್ನೆ: ನಮ್ಮ ಮನೆಯವರಿಗೆ ಹಾಡು ಅಂದರೆ ಆಗುವುದೇ ಇಲ್ಲ. ಅವರ ಸಿನಿಮಾ ಏನಾಗಬೇಕು?
ಗೃಹಿಣಿ, ಚಿತ್ರದುರ್ಗ

ಉತ್ತರ: ಕಲಾತ್ಮಕ ಚಿತ್ರ. ಪ್ರಶಸ್ತಿ ಬರುತ್ತದೆ, ಜನ ಬರುವುದಿಲ್ಲ.

*

ಪ್ರಶ್ನೆ: ಎಷ್ಟು ಹಾಡಿದ್ದರೆ ಸರಿ? ನನ್ನ ಪಟ್ಟಿ ಈಗಾಗಲೇ 140 ದಾಟಿದೆ. ಯಾವುದನ್ನೂ ಬಿಡಲು ಮನಸ್ಸಿಲ್ಲ.
ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: 140 ಅಂದರೆ ಅದು ಪಟ್ಟಿ ಅಲ್ಲ ಸಾರ್, ಗೋದಾಮು. ನಿಮ್ಮ ಬ್ಯಾಂಕಿನಲ್ಲಿ ಕೇಳಿದವರಿಗೆಲ್ಲ ಸಾಲ ಕೊಡುತ್ತೀರಾ?

ಬಿಬಿಸಿ ರೇಡಿಯೋದಲ್ಲಿ 'ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್' ಅಂತ ಒಂದು ಕಾರ್ಯಕ್ರಮ ಇದೆ. 1942ರಲ್ಲಿ ಶುರುವಾದದ್ದು ಇನ್ನೂ ನಡೆಯುತ್ತಿದೆ. ಯಾರೂ ಇಲ್ಲದ ದ್ವೀಪಕ್ಕೆ ನಿಮ್ಮನ್ನು ಒಬ್ಬರನ್ನೇ ಬಿಟ್ಟರೆ ಯಾವ ಹಾಡು ಒಯ್ಯುತ್ತೀರಿ ಅಂತ ದೊಡ್ಡ ದೊಡ್ಡವರನ್ನು ಕೇಳುತ್ತಾರೆ. ಎಂಟೇ ಎಂಟು. ಒಂಬತ್ತನೆಯದಕ್ಕೆ ದೋಣಿಯಲ್ಲಿ ಜಾಗ ಇಲ್ಲ. ನಮ್ಮಲ್ಲೂ ವಿವಿಧ ಭಾರತಿಯ ಜಯಮಾಲಾದಲ್ಲಿ ಸಿನಿಮಾದವರು ಬಂದು ಸೈನಿಕರಿಗೆ ಅಂತ ತಾವೇ ಹಾಡು ಆರಿಸಿ ಕೇಳಿಸುತ್ತಿದ್ದರು. ಅಲ್ಲಿ ಅಳತೆಗೋಲು ಗಡಿಯಾರ. ಹೊತ್ತು ಮುಗಿದರೆ ಮುಗಿಯಿತು.

ನನ್ನ ಅಳತೆ ಮಾತ್ರ ಸಿ-60. ಅರವತ್ತು ನಿಮಿಷದ ಕ್ಯಾಸೆಟ್ಟು, ಒಂದು ಬದಿಗೆ ಮೂವತ್ತು. ಹಾಡು ಒಂದಕ್ಕೆ ನಾಲ್ಕೂವರೆ ನಿಮಿಷ ಹಿಡಿದರೆ ಬದಿಗೆ ಆರು. ಒಟ್ಟು ಹನ್ನೆರಡು. ಸಿ-90 ತನ್ನಿ, ಇನ್ನೂ ಜಾಸ್ತಿ ಹಿಡಿಯುತ್ತದೆ ಅಂತ ನಾನು ಯಾರಿಗೂ ಹೇಳುತ್ತಿರಲಿಲ್ಲ. ಅದರ ಟೇಪು ತೆಳ್ಳಗೆ. ಹಳೇ ಟೇಪ್‌ರೆಕಾರ್ಡರಿಗೆ ಸಿಕ್ಕಿಹಾಕಿಕೊಂಡರೆ ಸಂಡಿಗೆ ಹಿಟ್ಟಿನ ಹಾಗೆ ಹೊರಗೆ ಬರುತ್ತಿತ್ತು. ಆಮೇಲೆ ಪೆನ್ಸಿಲ್ ತೂರಿಸಿ ಸುತ್ತುತ್ತಾ ಕೂರಬೇಕು.

ಹನ್ನೆರಡರಲ್ಲೂ ಒಂದು ತಾಪತ್ರಯ ಇತ್ತು. ಬದಿಯ ಕೊನೆಯಲ್ಲಿ ಎರಡೋ ಮೂರೋ ನಿಮಿಷ ಟೇಪು ಉಳಿಯುತ್ತಿತ್ತು. ಕಂಪನಿಯವರು ಸ್ವಲ್ಪ ಹೆಚ್ಚಿಗೇ ಸುತ್ತಿರುತ್ತಾರೆ, ಇನ್ನೊಂದು ಹಾಡು ಹಿಡಿದೀತು ಅನ್ನುವ ಆಸೆ. ಆ ಆಸೆಗೆ ನಾನೂ ಒಮ್ಮೆ ಬಿದ್ದೆ. ಹಳೇನಗರದ ಹುಡುಗಿಯೊಬ್ಬಳು ಮದುವೆಗೆ ಮುಂಚೆ ಒಂದು ಕ್ಯಾಸೆಟ್ ಮಾಡಿಸಿಕೊಂಡಳು, ಗಂಡನ ಮನೆಗೆ ಒಯ್ಯಲು. ಎ ಸೈಡಿನಲ್ಲಿ ಏಳನೆಯದನ್ನು ತುರುಕಿದೆ. ಎರಡನೇ ಚರಣದ ಮಧ್ಯೆ ಟಕ್ ಅಂತ ನಿಂತಿತು. ನಾನು ಪೂರ್ತಿ ಕೇಳದೆ ಕೊಟ್ಟುಬಿಟ್ಟಿದ್ದೆ. ಆಷಾಢಕ್ಕೆ ತವರಿಗೆ ಬಂದವಳು ಅಂಗಡಿಗೆ ಬಂದಳು. ಬೈಸಿಕೊಳ್ಳಲು ತಯಾರಾದೆ. "ಅಣ್ಣಾ, ನಮ್ಮನೆಯವರು ಈಗ ಆ ಹಾಡನ್ನ ಅಲ್ಲಿಗೇ ನಿಲ್ಲಿಸಿ ಹಾಡ್ತಾರೆ, ಮುಂದೆ ಬರೋದೇ ಇಲ್ಲ" ಅಂತ ನಕ್ಕಳು. ದುಡ್ಡು ವಾಪಸ್ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಬದಲಿಗೆ ಒಂದು ಖಾಲಿ ಕ್ಯಾಸೆಟ್ ಇಸಿದುಕೊಂಡಳು. ವ್ಯವಹಾರಸ್ಥೆ.

ಹನ್ನೆರಡಕ್ಕೆ ಇಳಿಸಿ ಸಾರ್. ಇಳಿಸುವಾಗ ಹೊಟ್ಟೆ ಉರಿಯುತ್ತದಲ್ಲ, ಯಾವುದನ್ನು ಬಿಡುವಾಗ ಜಾಸ್ತಿ ಉರಿಯುತ್ತದೋ ಅದನ್ನು ಇಟ್ಟುಕೊಳ್ಳಿ.

*

ಪ್ರಶ್ನೆ: ಮುಂದಿನ ತಿಂಗಳು ನನ್ನ ಮದುವೆ. ಆರತಕ್ಷತೆಗೆ ನಾವಿಬ್ಬರೂ ವೇದಿಕೆಗೆ ಬರುವಾಗ 'ನೀ ಹೀಂಗ ನೋಡಬ್ಯಾಡ ನನ್ನ' ಹಾಕಿಸೋಣ ಅಂತಿದ್ದೇವೆ. ಅದು ನಮ್ಮಿಬ್ಬರ ಹಾಡು. ಆದರೆ ಧಾರವಾಡದ ನಮ್ಮ ಅಜ್ಜ "ಅದನ್ನ ಹಚ್ಚಬ್ಯಾಡ್ರಪಾ" ಅಂತ ಎದ್ದು ಹೋದರು. ಕಾರಣ ಹೇಳುತ್ತಿಲ್ಲ.
ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಉತ್ತರ: ಕಾರಣ ನಾನು ಹೇಳುತ್ತೇನೆ. ಅಜ್ಜನ ಬಾಯಲ್ಲಿ ಅದು ಬರುವುದಿಲ್ಲ, ಅದೂ ಮದುವೆ ಮನೆಯಲ್ಲಿ.

ಬೇಂದ್ರೆಯವರು ಅದನ್ನು ಬರೆದದ್ದು ಮಗು ತೀರಿಕೊಂಡಾಗ. ನೋಡಬೇಡ ಅನ್ನುತ್ತಿರುವುದು ಹೆಂಡತಿಗೆ. ಎದುರಿಗೆ ನಿಂತ ಹೆಂಡತಿಯ ಕಣ್ಣನ್ನು ನೋಡಲಾಗದ ಗಂಡನ ಮಾತು ಅದು. ರಾಗ ಹಿತವಾಗಿದೆ, ಮೊದಲ ಸಾಲು ಸರಸದ ಹಾಗೆ ಕೇಳಿಸುತ್ತದೆ. ಹಾಗಾಗಿ ಹುಡುಗ ಹುಡುಗಿಯ ಹಾಡು ಅಂದುಕೊಂಡವರು ನೀವೇ ಮೊದಲಿಗರಲ್ಲ. ಮದುವೆ ಕ್ಯಾಸೆಟ್ಟಿಗೆ ಅಂತ ಅದನ್ನು ಬರೆಸಿದ ಚೀಟಿಗಳು ನನಗೂ ಬಂದಿವೆ. ಶುರುವಿನಲ್ಲಿ ನನಗೂ ಗೊತ್ತಿರಲಿಲ್ಲ, ರೆಕಾರ್ಡ್ ಮಾಡಿ ಕೊಟ್ಟಿದ್ದೇನೆ. ಮೇಲೆ ಹೇಳಿದ ಮೇಷ್ಟ್ರೇ ಒಂದು ದಿನ ಕೌಂಟರಿಗೆ ಒರಗಿ ನಿಂತು ವಿವರಿಸಿದರು. ಆಮೇಲೆ ಬಂದ ಚೀಟಿಗಳಲ್ಲಿ ಆ ಸಾಲು ಕಂಡರೆ, "ಈ ಹಾಡು ನಮ್ಮ ಹತ್ತಿರ ಇಲ್ಲ" ಅಂತ ಸುಳ್ಳು ಹೇಳುತ್ತಿದ್ದೆ. ಅದು ಸರಿಯೋ ತಪ್ಪೋ, ಇವತ್ತಿಗೂ ತೀರ್ಮಾನ ಆಗಿಲ್ಲ.

ಏಕೆಂದರೆ ನಿಮ್ಮಿಬ್ಬರ ಹಾಡು ಅಂತ ಬರೆದಿದ್ದೀರಿ. ನನ್ನ 28 ಅಂಕದ ಹಾಗೆ ಅದು ನಿಮಗೆ ಎಲ್ಲೋ, ಯಾವಾಗಲೋ ಅಂಟಿಕೊಂಡಿದೆ. ಅದನ್ನು ಕಿತ್ತು ಹಾಕಿ ಅನ್ನಲು ನಾನು ಯಾರು? ನಿಮ್ಮ ಹನ್ನೆರಡರಲ್ಲಿ ಇಟ್ಟುಕೊಳ್ಳಿ. ಮನೆಯಲ್ಲಿ ಇಬ್ಬರೇ ಕೂತು ಕೇಳಿ, ಈಗ ಅರ್ಥ ಗೊತ್ತಾದ ಮೇಲೆ ಇನ್ನೊಂದು ತರಹ ಕೇಳಿಸುತ್ತದೆ. ಆರತಕ್ಷತೆಗೆ ಮಾತ್ರ ಬೇಡ. ಅಲ್ಲಿ ಸಾಲಾಗಿ ಕೂತವರಲ್ಲಿ ಮಗು ಕಳೆದುಕೊಂಡ ಒಬ್ಬರಾದರೂ ಇರುತ್ತಾರೆ, ನಿಮಗೆ ಗೊತ್ತಿಲ್ಲದೆ. ನಿಮ್ಮ ಅಜ್ಜ ಎದ್ದು ಹೋದರು ಅಂದಿರಲ್ಲ. ಅಜ್ಜಿಯನ್ನು ಸುಮ್ನೆ ಒಮ್ಮೆ ಕೇಳಿ ನೋಡಿ. ಜೋರಾಗಿ ಬೇಡ.

*

ಪ್ರಶ್ನೆ: ನನ್ನ ಪಟ್ಟಿಯಲ್ಲಿ ಒಂದೂ ಕನ್ನಡ ಹಾಡಿಲ್ಲ. ತಮಿಳು, ಇಂಗ್ಲಿಷ್, ಜಾಸ್ತಿ ಕೊರಿಯನ್. ಅಮ್ಮ ಮಾತು ಬಿಟ್ಟಿದ್ದಾಳೆ. ನಾನೇನು ತಪ್ಪು ಮಾಡಿದೆ ಅಂಕಲ್?
ಬಿ.ಕಾಂ. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಏನೂ ಇಲ್ಲ ಮಗಳೇ. ನಿನ್ನ ವಯಸ್ಸಿನಲ್ಲಿ ನಾನು ಬುಧವಾರ ರಾತ್ರಿ ಕಿವಿಯನ್ನು ಗೋಡೆಗೆ ಒತ್ತಿ ರೇಡಿಯೋ ಸಿಲೋನಿನ ಬಿನಾಕಾ ಗೀತ್‌ಮಾಲಾ ಕೇಳುತ್ತಿದ್ದೆ. ಅಮೀನ್ ಸಯಾನಿ ಅವರ ಹಿಂದಿ ಅರ್ಧ ಅರ್ಥವಾಗುತ್ತಿರಲಿಲ್ಲ. ನಮ್ಮಪ್ಪ, "ಹಿಂದಿ ಹಾಡು ಅನ್ನ ಹಾಕುತ್ತಾ?" ಅನ್ನುತ್ತಿದ್ದರು. ಕೊನೆಗೆ ಹಾಕಿತು, ಕ್ಯಾಸೆಟ್ ಅಂಗಡಿಯಲ್ಲಿ.

ಹತ್ತರಿಂದ ಮೂವತ್ತು ವರ್ಷದೊಳಗಿನ ನೆನಪುಗಳೇ ಮುಂದೆ ಗಟ್ಟಿಯಾಗಿ ಉಳಿಯುತ್ತವೆ ಅಂತ ಮನಶ್ಶಾಸ್ತ್ರದವರು ಹೇಳುತ್ತಾರೆ, ಹಾಡಿಗೂ ಅದೇ ಲೆಕ್ಕ. ನಿನ್ನ ಬಾವಿ ಇನ್ನೂ ತೋಡುತ್ತಿದ್ದಾರೆ. ಈಗಲೇ ನೀರಿನ ರುಚಿ ಹೇಳುವುದು ಹೇಗೆ? ಪಟ್ಟಿಯನ್ನು ಪೆನ್ಸಿಲಿನಲ್ಲಿ ಬರೆದಿಡು. ಅಮ್ಮನ ಜೊತೆ ರಾಜಿಯಾಗಲು ಒಂದು ಕೆಲಸ ಮಾಡು. ಅವಳು ಒಗ್ಗರಣೆ ಹಾಕುವಾಗ ಏನು ಗುನುಗುತ್ತಾಳೆ ಅಂತ ಒಂದು ವಾರ ಕದ್ದು ಕೇಳು. ಆಮೇಲೆ ಒಂದೂ ಕನ್ನಡ ಹಾಡಿಲ್ಲ ಅಂತ ಬರೆದದ್ದು ನಿಜವೋ ಅಲ್ಲವೋ ನನಗೆ ತಿಳಿಸು.

*

ಪ್ರಶ್ನೆ: ನಾನು ಸಿನಿಮಾ ನೋಡಿದ್ದೇ ಕಡಿಮೆ. ಬೆಳಗಿನ ತನಕ ಯಕ್ಷಗಾನದ ಆಟ ನೋಡಿದವನು. ನನ್ನ ಪಟ್ಟಿಯಲ್ಲಿ ಬರೀ ಭಾಗವತರ ಪದ ಇದ್ದರೆ ನಡೆಯುತ್ತದಾ?
ಅಡಿಕೆ ಬೆಳೆಗಾರ, ಸಾಗರ

ಉತ್ತರ: ನಡೆಯುತ್ತದಾ ಅಂತ ಕೇಳುತ್ತೀರಲ್ಲ ಮಾರಾಯ್ರೇ! ನಿಮ್ಮ ಕಡೆಯವರು ಟೇಪ್‌ರೆಕಾರ್ಡರ್ ಹೊತ್ತು ಆಟಕ್ಕೆ ಹೋಗಿ, ರಂಗಸ್ಥಳದ ಎದುರು ಇಟ್ಟು, ತಾವೇ ರೆಕಾರ್ಡ್ ಮಾಡಿಕೊಂಡು ಬರುತ್ತಿದ್ದರು. ಅದರ ಕಾಪಿ ಮಾಡಿಸಲು ನನ್ನಲ್ಲಿಗೆ. ಭಾಗವತ ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ಹೋದರು, ಇನ್ನೂ ಮೂವತ್ತರ ಆಸುಪಾಸಿನ ವಯಸ್ಸು. ಆ ಮಳೆಗಾಲ ಅಂಥ ಕ್ಯಾಸೆಟ್ಟುಗಳು ಒಂದರ ಹಿಂದೆ ಒಂದು ಬಂದವು. ಚೆಂಡೆಯ ಪೆಟ್ಟಿಗೆ ಡೆಕ್ಕಿನ ಮುಳ್ಳು ಕೆಂಪು ಗೆರೆಗೆ ಹೋಗಿ ಬಡಿಯುತ್ತಿತ್ತು. ಪದದ ಮಧ್ಯೆ ಯಾರೋ ಕೆಮ್ಮುವುದು, ಎಲ್ಲೋ ಮಗು ಅಳುವುದು, "ಕೂತ್ಕಳ್ರೋ ಮುಂದಿನವ್ರು" ಅನ್ನುವ ಕೂಗು. ದನಿ ತಿಳಿ ಮಾಡಿ ಕೊಡಲಾ ಅಂತ ಕೇಳಿದರೆ ಒಬ್ಬರೂ ಒಪ್ಪುತ್ತಿರಲಿಲ್ಲ. ಹಾಗೇ ಇರಲಿ ಅನ್ನುತ್ತಿದ್ದರು.

*

ಪ್ರಶ್ನೆ: ನನ್ನ ಅಣ್ಣ ತನ್ನ ಮೊಬೈಲಿಗೆ 'ಮುಂಗಾರು ಮಳೆ' ಚಿತ್ರದ ಹಾಡೊಂದನ್ನು ಕಾಲರ್ ಟ್ಯೂನ್ ಇಟ್ಟಿದ್ದ. 2009ರಲ್ಲಿ ಬೈಕ್ ಅಪಘಾತದಲ್ಲಿ ಹೋದ. ಫೋನು ಮನೆಯಲ್ಲೇ ಇತ್ತು. ಆ ನಂಬರಿಗೆ ಫೋನ್ ಮಾಡಿ ಹಾಡು ಕೇಳುತ್ತಿದ್ದೆ, ಯಾರಿಗೂ ಹೇಳದೆ. ಕೆಲವು ತಿಂಗಳ ಮೇಲೆ ನಂಬರ್ ಬಂದ್ ಆಯಿತು. ಅಲ್ಲಿಂದ ಈಚೆಗೆ ಆ ಹಾಡು ಬಂದರೆ ಎದ್ದು ಆಚೆ ಹೋಗುತ್ತೇನೆ. ಅದನ್ನು ಪಟ್ಟಿಯಲ್ಲಿ ಬರೆಯಲೋ ಬೇಡವೋ?
ಹೆಸರು ಬೇಡ, ತುಮಕೂರು

ಉತ್ತರ: ನಿಮ್ಮ ಪತ್ರವನ್ನು ಎರಡು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ.

ಕಾಲರ್ ಟ್ಯೂನಿನಲ್ಲಿ ಒಂದು ವಿಚಿತ್ರ ಇದೆ. ಅದನ್ನು ಇಟ್ಟುಕೊಂಡವನಿಗೆ ಅದು ಕೇಳಿಸುವುದಿಲ್ಲ. ಫೋನ್ ಮಾಡಿದವರಿಗೆ ಮಾತ್ರ ಕೇಳಿಸುತ್ತದೆ. ನಿಮ್ಮ ಅಣ್ಣ ತಿಂಗಳಿಗೆ ಇಷ್ಟು ಅಂತ ದುಡ್ಡು ಕೊಟ್ಟು ಇಟ್ಟದ್ದು ತನಗೆ ಅಂತ ಅಲ್ಲ. ತನಗಾಗಿ ಕಾಯುತ್ತಾ ಇರುವವರಿಗೆ ಅಂತ. ನೀವು ಕೇಳಿದ್ದರಲ್ಲಿ ಕದ್ದದ್ದು ಏನೂ ಇಲ್ಲ.

ಹಳೇ ಕ್ಯಾಸೆಟ್ ನೋಡಿದ್ದೀರಾ? ಮೇಲಂಚಿನಲ್ಲಿ ಎಡಕ್ಕೊಂದು ಬಲಕ್ಕೊಂದು ಸಣ್ಣ ಪ್ಲಾಸ್ಟಿಕ್ ಚೂರು ಇರುತ್ತದೆ. ಅದನ್ನು ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಮತ್ತೆ ಯಾರೂ ರೆಕಾರ್ಡ್ ಮಾಡಲಾಗದು. ಬಟನ್ ಒತ್ತಿದರೆ ಕೆಳಗೆ ಹೋಗುವುದೇ ಇಲ್ಲ. ತೀರಿಕೊಂಡವರ ದನಿ ಇರುವ ಕ್ಯಾಸೆಟ್ ಯಾರಾದರೂ ತಂದರೆ ನಾನು ಮೊದಲು ಮಾಡುತ್ತಿದ್ದ ಕೆಲಸ ಅದು, ಸ್ಕ್ರೂಡ್ರೈವರಿನ ತುದಿಯಲ್ಲಿ ಚೂರು ಮುರಿಯುವುದು. ಆದರೆ ಆ ತೂತಿನ ಮೇಲೆ ಒಂದು ಗಮ್ ಟೇಪು ಅಂಟಿಸಿದರೆ ಮತ್ತೆ ರೆಕಾರ್ಡ್ ಆಗುತ್ತದೆ. ಅದನ್ನೂ ಅವರಿಗೆ ಹೇಳಿಯೇ ಕಳಿಸುತ್ತಿದ್ದೆ. ಇವತ್ತು ಬೇಡ ಅನ್ನಿಸಿದ್ದು ಇನ್ನು ಹತ್ತು ವರ್ಷಕ್ಕೆ ಬೇಕು ಅನ್ನಿಸಬಹುದು.

ನಿಮ್ಮ ಪಟ್ಟಿಯಲ್ಲಿ ಒಂದು ನಂಬರ್ ಹಾಕಿ, ಅದರ ಮುಂದೆ ಏನೂ ಬರೆಯಬೇಡಿ. ಅಲ್ಲಿ ಏನಿದೆ ಅಂತ ನಿಮಗೆ ಗೊತ್ತಿದ್ದರೆ ಸಾಕು. ಎದ್ದು ಆಚೆ ಹೋಗುವುದನ್ನೂ ಬಿಡಬೇಕಾಗಿಲ್ಲ.

*

ಪ್ರಶ್ನೆ: ಸಿನಿಮಾದ ಕೊನೆಯ ಹಾಡು, ಅಂದರೆ ನಾವು ಹೋದ ಮೇಲಿನದು, ಈಗಲೇ ಆರಿಸಿಡಬಹುದಾ?
ನಿವೃತ್ತ ಕಂಡಕ್ಟರ್, ಹಾಸನ

ಉತ್ತರ: ಆರಿಸಿ. ಆದರೆ ನಿಮ್ಮ ಭಜನಾ ಮಂಡಳಿಯವರಿಗೆ ಬರುವ ಹಾಡನ್ನೇ ಆರಿಸಿ. ಬಾರದ ಹಾಡು ಹೇಳಿ ಹೋದರೆ ಏನಾಗುತ್ತದೆ ಅಂತ ನೋಡಿದ್ದೇನೆ. ಹೆಣದ ಮುಂದೆ ಅರ್ಧ ಗಂಟೆ ಶ್ರುತಿಯ ಜಗಳ.

*

ಪ್ರಶ್ನೆ: ಅಪ್ಪ ಅಮ್ಮನ ಮದುವೆಯ ಐವತ್ತನೇ ವರ್ಷಕ್ಕೆ ಅವರ ಫೋಟೋಗಳಿಗೆ ಹಳೇ ಹಾಡು ಜೋಡಿಸಿ ವಿಡಿಯೋ ಮಾಡಿದೆ. ಛತ್ರದಲ್ಲಿ ಹಾಕಿದಾಗ ಎಲ್ಲರೂ ಅತ್ತರು. ಯೂಟ್ಯೂಬಿಗೆ ಹಾಕಿದರೆ ದನಿಯೇ ಹೋಯಿತು. ಏಕೆ?
ಅಂಗಡಿ ಮಾಲೀಕ, ಉಡುಪಿ

ಉತ್ತರ: ಹಾಡಿಗೆ ಒಡೆಯರಿದ್ದಾರೆ, ಅದಕ್ಕೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನು ಮದುವೆ, ದಿಬ್ಬಣ, ಅದಕ್ಕೆ ಸೇರಿದ ಸಂಭ್ರಮದಲ್ಲಿ ಹಾಡು ಹಾಕುವುದಕ್ಕೆ ವಿನಾಯಿತಿ ಕೊಟ್ಟಿದೆ. ವಿಡಿಯೋಗೆ ಜೋಡಿಸಿ ಊರಿಗೆಲ್ಲ ಹಂಚುವುದು ಅದರೊಳಗೆ ಬರುವುದಿಲ್ಲ. ಧ್ವನಿಮುದ್ರಣದ ಹಕ್ಕು ಪ್ರಕಟವಾಗಿ 60 ವರ್ಷ ಇರುತ್ತದೆ. ಬರೆದವರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ. ಹಾಗಾಗಿ ಮುದ್ರಣ ಹಳೆಯದಾದ ಮಾತ್ರಕ್ಕೆ ಬಚಾವಾಗಲು ಆಗುವುದಿಲ್ಲ.

ಇದನ್ನು ಹೇಳಲು ನನಗೆ ಎಷ್ಟು ಬಾಯಿದೆಯೋ ಗೊತ್ತಿಲ್ಲ. ಹದಿನೆಂಟು ವರ್ಷ ನಾನು ಮಾಡಿದ ರೆಕಾರ್ಡಿಂಗಿಗೆ ಯಾರ ಒಪ್ಪಿಗೆಯೂ ಇರಲಿಲ್ಲ. ಬೀದಿಗೆ ಒಂದು ಅಂಥ ಅಂಗಡಿ ಇತ್ತು ಅನ್ನುವುದು ಸಮಾಧಾನ, ಸಮರ್ಥನೆ ಅಲ್ಲ. ನೀವು ಹೀಗೆ ಮಾಡಿ: ನಿಮ್ಮ ಸೋದರತ್ತೆ, ಚಿಕ್ಕಮ್ಮಂದಿರನ್ನು ಕೂರಿಸಿ ಅಪ್ಪ ಅಮ್ಮನ ಮದುವೆಯಲ್ಲಿ ಹೇಳಿದ ಶೋಭಾನೆ ಹೇಳಿಸಿ, ಅದನ್ನೇ ಜೋಡಿಸಿ. ಅದಕ್ಕೆ ಒಡೆಯರು ಯಾರೂ ಇಲ್ಲ. ದನಿ ನಡುಗಿದರೆ ನಡುಗಲಿ.

*

ಪ್ರಶ್ನೆ: ಸಾರ್, ನಾನೂ ಭದ್ರಾವತಿಯವನೇ, ನ್ಯೂಟೌನಿನವನು. ಈಗ ದುಬೈಯಲ್ಲಿದ್ದೇನೆ. ಪಟ್ಟಿ ಮಾಡಲು ಕೂತರೆ ಹಾಡು ಯಾವುದೂ ನೆನಪಾಗುತ್ತಿಲ್ಲ. ಕಿವಿಯಲ್ಲಿ ಬರುವುದು ಕಾರ್ಖಾನೆ ಸೈರನ್ ಒಂದೇ. ಅದು ಲೆಕ್ಕಕ್ಕಿದೆಯಾ?
ಕ್ರೇನ್ ಆಪರೇಟರ್, ದುಬೈ

ಉತ್ತರ: ಇದೆ ತಮ್ಮಾ. ನಿನ್ನ ಕೈಗೂ ಒಂದು ಪುರಾವೆ ಕೊಡುತ್ತೇನೆ.

1991ರಲ್ಲಿ ನಮ್ಮಮ್ಮನ ದನಿ ಹಿಡಿದಿಡಬೇಕು ಅನ್ನಿಸಿತು. ಊರಿನವರ ಹಾಡೆಲ್ಲ ರೆಕಾರ್ಡ್ ಮಾಡಿ ಕೊಡುತ್ತೇನೆ, ಮನೆಯದ್ದು ಒಂದೂ ಇಲ್ಲ. ಅಮ್ಮನಿಗೆ ತೊಟ್ಟಿಲ ಪದ ಬಹಳ ಬರುತ್ತಿದ್ದವು. ಹೊಸ ಕ್ಯಾಸೆಟ್ ತಂದೆ, ಡೆಕ್ಕಿನ ಹೆಡ್ಡನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿದೆ, ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಮೇಲೆ ಮೈಕ್ ನಿಲ್ಲಿಸಿದೆ. ಮೊದಲು ನಾಚಿಕೊಂಡಳು. ಆಮೇಲೆ ಶುರು ಮಾಡಿದಳು. ಎರಡು ಪದ ಪೂರ್ತಿ ಆಯಿತು. ಮೂರನೆಯದು ಉದ್ದದ್ದು, ಅದು ಅವಳ ಅಜ್ಜಿಯಿಂದ ಬಂದದ್ದು, ಬೇರೆ ಯಾರ ಬಾಯಲ್ಲೂ ನಾನು ಕೇಳಿಲ್ಲ. ಅದರ ನಡುವೆ ಸೈರನ್ ಆಯಿತು.

ಅಮ್ಮ ಗಪ್ಪನೆ ನಿಲ್ಲಿಸಿದಳು. "ಅಯ್ಯೋ, ನಿಮ್ಮಪ್ಪ ಬರೋ ಹೊತ್ತಾಯ್ತು, ಅನ್ನಕ್ಕಿಟ್ಟಿಲ್ಲ" ಅಂತ ಎದ್ದಳು. ಅಪ್ಪ ನಿವೃತ್ತರಾಗಿ ಆಗಲೇ ಮೂರು ವರ್ಷವಾಗಿತ್ತು. ಹೊರಗೆ ಜಗಲಿಯ ಮೇಲೆ ಪೇಪರ್ ಓದುತ್ತಾ ಕೂತಿದ್ದರು. ನಾನು ನಕ್ಕೆ, ಅಮ್ಮನೂ ನಕ್ಕಳು, ಆದರೂ ಅಕ್ಕಿ ತೊಳೆಯಲು ಹೋದಳು. ನಾನು ಸ್ಟಾಪ್ ಒತ್ತುವುದನ್ನು ಮರೆತೆ.

ಕ್ಯಾಸೆಟ್ ಇನ್ನೂ ಇದೆ. ಎರಡು ಪದ, ಅರ್ಧ ಪದ, ಸೈರನ್. ಅದರ ಹಿಂದೆ ಹನ್ನೊಂದು ನಿಮಿಷ ಪಾತ್ರೆಯ ಸದ್ದು, ನಲ್ಲಿಯ ಸದ್ದು, ಹೊರಗಿನಿಂದ ಅಪ್ಪ "ಯಾರೇ ಬಂದಿರೋದು?" ಅಂದದ್ದು. ಉಳಿದರ್ಧ ಪದವನ್ನು ಇನ್ನೊಂದು ದಿನ ಹೇಳಿಸೋಣ ಅಂತ ಇಟ್ಟೆ. ಹೇಳಿಸಲಿಲ್ಲ.

ಮುಂದಿನ ಸಲ ಊರಿಗೆ ಬಂದಾಗ ಮನೆಗೆ ಬಾ. ನನ್ನ ಡೆಕ್ಕಿನ ಬೆಲ್ಟ್ ಹೋಗಿದೆ, ದುಬೈಯಲ್ಲಿ ಸಿಕ್ಕಿದರೆ ಒಂದು ತಗೊಂಡು ಬಾ.